ಕಾಳಿಂಗನನ್ನು ಘಟ್ಟ ಹತ್ತಿಸುವ ಮುನ್ನ

ಮಾರ್ಚ್ ಬಂತೆಂದರೆ ಹೆಬ್ರಿ, ಕಾರ್ಕಳ, ಬೆಳ್ತಂಗಡಿ, ಸುಬ್ರಹ್ಮಣ್ಯದ ಕಡೆ ಹಾವು ಹಿಡಿಯುವವರ ಫೋನು ಬಿಡುವಿಲ್ಲದೆ ರಿಂಗಾಗುತ್ತದೆ. ಕಟ್ಟಿಗೆ ಕೊಟ್ಟಿಗೆಯಲ್ಲೋ ಬಚ್ಚಲ ಒಲೆಯ ಹಿಂದೆಯೋ 12 ಅಡಿಯ ಕಾಳಿಂಗ ಸರ್ಪ ಕಂಡಿರುತ್ತದೆ. ಅಂಗಳದಲ್ಲಿ ಊರು ನೆರೆಯುತ್ತದೆ, ಹಾವು ಚೀಲಕ್ಕೆ ಇಳಿಯುತ್ತದೆ. ಆಗ ಮನೆಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸ್ವಲ್ಪ ದೂರವೇ ಬಿಡಿ ಮಾರಾಯ್ರೇ, ಮತ್ತೆ ಈಚೆ ಬರುವುದು ಬೇಡ." ಜೀಪು ಘಟ್ಟ ಹತ್ತುತ್ತದೆ, 30–40 ಕಿಲೋಮೀಟರ್ ಆಚೆಯ ದಟ್ಟ ಕಾಡಿನ ಅಂಚಿನಲ್ಲಿ ಚೀಲ ಬಿಚ್ಚುತ್ತಾರೆ. ಹಾವಿಗೆ ಕಾಡು ಸಿಕ್ಕಿತು, ಮನೆಗೆ ನೆಮ್ಮದಿ ಸಿಕ್ಕಿತು ಎಂದು ಎಲ್ಲರೂ ಭಾವಿಸುತ್ತಾರೆ.

ಎರಡೂ ಸಿಕ್ಕಿರುವುದಿಲ್ಲ. ಹಾವಿಗೆ ಆ ಪ್ರಯಾಣ ಬಹಳ ಸಲ ಸಾವಿನ ದಾರಿ. ಮನೆಯ ಸುತ್ತ ಅಪಾಯವೂ ಕಡಿಮೆಯಾಗುವುದಿಲ್ಲ. ಯಾಕೆಂದರೆ ಘಟ್ಟದ ಬುಡದ ತೋಟಗಳಲ್ಲಿ ಜನರನ್ನು ಕಚ್ಚುತ್ತಿರುವುದು ಕಾಳಿಂಗವಲ್ಲ. ತರಗೆಲೆಯ ನಡುವೆ ಸುರುಳಿ ಸುತ್ತಿ ಮಲಗುವ, ಎರಡು ಅಡಿಯೂ ದಾಟದ ಒಂದು ಗುಳಿಮಂಡಲ ಅಲ್ಲಿದೆ. ಅದರ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಮದ್ದಿಲ್ಲ. ದೊಡ್ಡ ಹಾವಿನ ಹಿಂದೆ ಓಡುವ ನಮ್ಮ ಗಮನದಲ್ಲಿ ಒಂದು ಪಾಲಾದರೂ ಈ ಸಣ್ಣ ಹಾವಿನ ಕಡೆ ಹರಿಯಬೇಕಾಗಿದೆ.

ಮೊದಲು ಕಾಳಿಂಗ ಅಂಗಳಕ್ಕೆ ಯಾಕೆ ಬರುತ್ತದೆಂದು ನೋಡೋಣ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಹಟ್ಟಿಯ ಹಿಂಡಿ, ಅಟ್ಟದ ಭತ್ತ, ಕೊಟ್ಟಿಗೆಯ ತೆಂಗಿನಕಾಯಿಗೆ ಇಲಿ ಬರುತ್ತದೆ. ಇಲಿಗೆ ಕೇರೆಯೂ ನಾಗರವೂ ಬರುತ್ತವೆ, ಅವುಗಳ ಹಿಂದೆ ಕಾಳಿಂಗ. ಹಾವಿನ ಲೆಕ್ಕದಲ್ಲಿ ಅಡಿಕೆ ತೋಟ ಕಾಡಿನದೇ ಮುಂದುವರಿಕೆ. ನೆರಳು, ತೇವ, ಕಣಿಯ ನೀರು, ಮೇಲೆ ಸೊಪ್ಪಿನ ಗುಡ್ಡೆ, ಎಲ್ಲವೂ ಅಲ್ಲುಂಟು. ಹಾಗಾಗಿ 'ದಾರಿ ತಪ್ಪಿ ಬಂದ ಕಾಳಿಂಗ' ಎಂಬ ಮಾತು ಸರಿಯಲ್ಲ. ಆ ತೋಟ ಅದು ದಿನವೂ ಓಡಾಡುವ ಜಾಗ, ವರ್ಷದಲ್ಲಿ ಒಂದೋ ಎರಡೋ ಸಲ ನಮ್ಮ ಕಣ್ಣಿಗೆ ಬೀಳುತ್ತದೆ ಅಷ್ಟೆ.

ಬೇಸಿಗೆಯಲ್ಲೇ ಹೆಚ್ಚು ಕಾಣಲು ಇನ್ನೊಂದು ಕಾರಣ ಇದೆ. ಮಾರ್ಚ್‌ನಿಂದ ಮೇವರೆಗೆ ಅವು ಕೂಡುವ ಕಾಲ. ಹೆಣ್ಣು ಹಾವು ಹೋದಲ್ಲೆಲ್ಲ ವಾಸನೆಯ ಜಾಡು ಬಿಡುತ್ತದೆ, ಗಂಡುಗಳು ನಾಲಿಗೆ ಆಡಿಸುತ್ತ ಆ ಜಾಡನ್ನೇ ಹಿಡಿದು ಬರುತ್ತವೆ. ಒಂದೇ ಮನೆಯ ಹಿಂದೆ ಒಂದೇ ವಾರದಲ್ಲಿ ಎರಡು ಮೂರು ಕಾಳಿಂಗ ಕಂಡರೆ ಅದು ಶಾಪವೂ ಅಲ್ಲ, ಸೇಡೂ ಅಲ್ಲ. ಹತ್ತಿರದಲ್ಲೆಲ್ಲೋ ಒಂದು ಹೆಣ್ಣಿದೆ ಎಂದರ್ಥ. ಆ ಹೆಣ್ಣನ್ನು ಹಿಡಿದು ಸಾಗಿಸಿದರೂ ಜಾಡು ಅಲ್ಲೇ ಉಳಿಯುತ್ತದೆ. ಗಂಡುಗಳು ಬಂದು ಅದೇ ಕೊಟ್ಟಿಗೆಯಲ್ಲಿ ಹುಡುಕುತ್ತವೆ. ಆಗ "ಒಂದು ಹಿಡಿದರೆ ಇನ್ನೊಂದು ಬಂತು" ಎಂದು ಗಾಬರಿಪಡುತ್ತೇವೆ.

ನಮ್ಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು ಖಚಿತವಾದದ್ದು 2024ರಲ್ಲಿ. ಅದುವರೆಗೆ ಭಾರತದಿಂದ ಫಿಲಿಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳಿಗೂ ಒಂದೇ ಹೆಸರಿತ್ತು. ಪಿ. ಗೌರಿಶಂಕರ್ ಮತ್ತು ಸಂಗಡಿಗ ವಿಜ್ಞಾನಿಗಳು ಅವನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಭಾಷೆಯ ಹೆಸರನ್ನೇ ಇಟ್ಟು ಓಫಿಯೋಫೇಗಸ್ ಕಾಳಿಂಗ ಎಂದು ಕರೆದರು. ದೊಡ್ಡ ಹಾವಿನ ಮೈಮೇಲೆ 40ಕ್ಕಿಂತ ಕಡಿಮೆ ತೆಳು ಪಟ್ಟೆಗಳಿರುವುದು ಇದರ ಒಂದು ಗುರುತು. ಹೆಸರಿನ ಸಂತೋಷದ ಜೊತೆಗೆ ಜವಾಬ್ದಾರಿಯೂ ಬಂದಿದೆ. ಈ ಪ್ರಭೇದ ಬದುಕಿರುವುದು ಘಟ್ಟದ ಈ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಇಲ್ಲಿ ಕಳೆದುಕೊಂಡದ್ದನ್ನು ಥಾಯ್ಲೆಂಡಿನಿಂದಲೋ ಅಸ್ಸಾಮಿನಿಂದಲೋ ತಂದು ತುಂಬಲು ಬರುವುದಿಲ್ಲ.

ದೂರ ಬಿಟ್ಟ ಹಾವಿಗೆ ಏನಾಗುತ್ತದೆ?

ಇದಕ್ಕೆ ಉತ್ತರ ಸಿಕ್ಕಿದ್ದು ಸೋಮೇಶ್ವರದಿಂದ 14 ತಿರುವುಗಳ ಘಟ್ಟ ಹತ್ತಿದರೆ ಸಿಗುವ ಆಗುಂಬೆಯಲ್ಲಿ. ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2008ರಿಂದ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸುವ ಕೆಲಸ ನಡೆಯಿತು. ತನ್ನ ಜಾಗದಲ್ಲೇ ಇದ್ದ ಹಾವು ಗೊತ್ತಿದ್ದ ಬಿಲ, ಹಳ್ಳ, ಮರದ ಪೊಟರೆಗಳ ನಡುವೆ ಓಡಾಡಿಕೊಂಡಿತ್ತು. ಬೇರೆಡೆಯಿಂದ ತಂದು ಬಿಟ್ಟ ಹಾವು ಒಂದೆಡೆ ನೆಲೆ ನಿಲ್ಲದೆ ಬಹುದೂರ ಅಲೆಯಿತು.

ಅಲೆಯುವುದೆಂದರೆ ಹಾವಿಗೆ ಏನೆಂದು ಬಿಡಿಸಿ ಹೇಳಬೇಕು. ಹಗಲು ಅವಿತುಕೊಳ್ಳುವ ಬಿಲ ಎಲ್ಲಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ, ನೀರು ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಹುಡುಕುತ್ತ ಬಯಲು ದಾಟುತ್ತದೆ, ರಸ್ತೆ ದಾಟುತ್ತದೆ, ಇನ್ನೊಂದು ಊರಿನ ಅಂಗಳಕ್ಕೆ ಬಂದು ಮತ್ತೆ ಯಾರದೋ ಚೀಲ ಸೇರುತ್ತದೆ. ಬಿಟ್ಟ ಕಾಡು ಖಾಲಿಯೂ ಅಲ್ಲ. ಅಲ್ಲಿ ಮೊದಲೇ ನೆಲೆನಿಂತ ಗಂಡುಗಳಿರುತ್ತವೆ, ಅವು ಮೈ ಹೆಣೆದು ಸೆಣಸುತ್ತವೆ. ಗಂಡು ಕಾಳಿಂಗ ಹೆಣ್ಣನ್ನೇ ಕೊಂದ ನಿದರ್ಶನವೂ ಆಗುಂಬೆಯಲ್ಲಿ ದಾಖಲಾಗಿದೆ. ಊರಿನ ಎಲ್ಲ ಹಾವುಗಳನ್ನೂ ಒಂದೇ ಕಾಡಿನ ಅಂಚಿಗೆ ಸುರಿಯುತ್ತ ಹೋದರೆ ಅಲ್ಲಿನ ಲೆಕ್ಕ ತಪ್ಪುತ್ತದೆ.

ಇತ್ತ ತೋಟದಲ್ಲೂ ಲೆಕ್ಕ ತಪ್ಪುತ್ತದೆ. ಕಾಳಿಂಗ ತಿನ್ನುವುದು ಕೇರೆಯೊಂದನ್ನೇ ಅಲ್ಲ, ನಾಗರವನ್ನೂ ಗುಳಿಮಂಡಲಗಳನ್ನೂ ತಿನ್ನುತ್ತದೆ. ಕಚ್ಚುವ ಹಾವುಗಳನ್ನು ತಿನ್ನುವ ಹಾವನ್ನೇ ನಾವು ಜೀಪು ಹತ್ತಿಸಿ ಕಳಿಸುತ್ತಿದ್ದೇವೆ.

ಹಿಡಿಯುವ ರೀತಿಯಿಂದ ಆಗುವ ಹಾನಿ ಇನ್ನೊಂದು. ಬಾಲ ಹಿಡಿದು ಎತ್ತಿದಾಗ ಐದಾರು ಕಿಲೋ ತೂಗುವ ಹಾವಿನ ಭಾರವೆಲ್ಲ ಬೆನ್ನೆಲುಬಿನ ಕೆಲವೇ ಕೀಲುಗಳ ಮೇಲೆ ಬೀಳುತ್ತದೆ. ಕತ್ತನ್ನು ಕೋಲಿನಿಂದ ಒತ್ತಿ ಹಿಡಿದರೆ ತೆಳುವಾದ ದವಡೆ, ಕತ್ತಿನ ಎಲುಬು ಜಖಂ ಆಗುತ್ತವೆ. ಹೊರಗೆ ಗಾಯ ಕಾಣದ ಕಾರಣ "ಚೆನ್ನಾಗಿಯೇ ಹೋಯಿತು" ಎಂದುಕೊಳ್ಳುತ್ತೇವೆ. ಕೆಲವೇ ದಿನದ ಹಿಂದೆ ತಿಂದ ಹಾವು ಗಾಬರಿಗೆ ಆಹಾರ ಕಕ್ಕಿದರೆ ವಾರಗಟ್ಟಲೆಯ ಊಟ ನಷ್ಟ. ಹಿಡಿದ ಮೇಲೆ ವಿಡಿಯೋಗಾಗಿ ಬಿಸಿಲಿನಲ್ಲಿ ಹೆಡೆ ಎತ್ತಿಸಿ ನಿಲ್ಲಿಸುವುದು, ಮುತ್ತಿಡುವುದು, ತಲೆಯ ಮೇಲೆ ನೀರೆರೆಯುವುದು ನಿಲ್ಲಲೇಬೇಕು. ಕಾಳಿಂಗ ಕಡಿತಕ್ಕೆ ಭಾರತದಲ್ಲಿ ತಯಾರಾಗುವ ಪ್ರತಿವಿಷವಿಲ್ಲ. ಥಾಯ್ಲೆಂಡಿನಲ್ಲಿ ತಯಾರಾಗುವುದು ಮಂಗಳೂರಿನ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕಾಳಿಂಗ ತಾನಾಗಿ ಬಂದು ಜನರನ್ನು ಕಚ್ಚುವುದು ತೀರ ಅಪರೂಪ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ಕೈಯಲ್ಲಿ ಹಿಡಿದಿದ್ದವರೇ.

ಹಾಗಾದರೆ ಏನು ಮಾಡಬೇಕು? ಹಾವು ಅಂಗಳದಲ್ಲೋ ತೋಟದಲ್ಲೋ ಕಟ್ಟಿಗೆ ರಾಶಿಯಲ್ಲೋ ಇದ್ದರೆ ಏನೂ ಮಾಡಬೇಕಿಲ್ಲ. ನಾಯಿ ಕಟ್ಟಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, 20–25 ಅಡಿ ದೂರ ನಿಂತು ಅದು ಹೋಗುವ ದಿಕ್ಕು ನೋಡಿ. ಜನ ಸೇರಿಸಬೇಡಿ. ಸುತ್ತ ಜನ ನಿಂತರೆ ಅದಕ್ಕೆ ಹೊರಡಲು ದಾರಿಯೇ ಸಿಗುವುದಿಲ್ಲ. ಸದ್ದಡಗಿದ ಮೇಲೆ, ಹೆಚ್ಚೆಂದರೆ ಸಂಜೆಯೊಳಗೆ, ಸಾಮಾನ್ಯವಾಗಿ ತಾನೇ ಹೊರಟುಹೋಗುತ್ತದೆ. ಹೊಟ್ಟೆ ತುಂಬಿದ್ದರೆ ಎರಡು ಮೂರು ದಿನ ಅಲ್ಲೇ ಮಲಗಬಹುದು. ಅಷ್ಟು ದಿನ ಬಚ್ಚಲಿಗೆ ಬೇರೆ ಕಡೆಯಿಂದ ಕಟ್ಟಿಗೆ ತನ್ನಿ.

ತೋಟದ ಬಾವಿಗೆ ಬಿದ್ದಿದ್ದರೆ ಅಡಿಕೆ ಮರದ ಕಾಂಡವನ್ನು ನೀರಿನಿಂದ ದಂಡೆವರೆಗೆ ಓರೆಯಾಗಿ ಇಳಿಸಿ, ಹಗ್ಗದಲ್ಲಿ ಕಟ್ಟಿ, ರಾತ್ರಿ ಹಾಗೇ ಬಿಡಿ. ಕಾಳಿಂಗ ಚೆನ್ನಾಗಿ ಮರ ಹತ್ತುವ ಹಾವು, ಬೆಳಗಾಗುವಷ್ಟರಲ್ಲಿ ಹೊರಗೆ ಬಂದಿರುತ್ತದೆ. ಕಾಂಡ ತೀರ ನೆಟ್ಟಗಿದ್ದು ನುಣುಪಾಗಿದ್ದರೆ ಜಾರುತ್ತದೆ, ಅದಕ್ಕೆ ಗೋಣಿ ಸುತ್ತಿದರೆ ಹಿಡಿತ ಸಿಗುತ್ತದೆ.

ಹಿಡಿಯಲೇಬೇಕಾದ ಸಂದರ್ಭ ಎರಡು: ಮನೆಯ ಒಳಕೋಣೆ ಹೊಕ್ಕಿದ್ದರೆ, ಇಲ್ಲವೇ ನೈಲಾನ್ ಬಲೆಯಲ್ಲಿ ಸಿಕ್ಕಿಬಿದ್ದಿದ್ದರೆ. ಆಗ ವಲಯ ಅರಣ್ಯ ಕಚೇರಿಗೆ ಹೇಳಿ, ಅವರು ಒಪ್ಪಿದ ತರಬೇತಾದವರನ್ನೇ ಕರೆಯಬೇಕು. ಕಾಳಿಂಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಅನುಮತಿಯಿಲ್ಲದೆ ಹಿಡಿಯುವುದು, ಇಟ್ಟುಕೊಳ್ಳುವುದು ಅಪರಾಧ. ಬಲ್ಲವರು ಹಿಡಿಯುವ ಕ್ರಮ ನೋಡಲು ಸಪ್ಪೆಯಾಗಿರುತ್ತದೆ. ದಪ್ಪ ಕಪ್ಪು ಬಟ್ಟೆಯ ಉದ್ದ ಚೀಲ, ಅದರ ಬಾಯಿಗೆ ಹಾವಿನ ಮೈಗಿಂತ ತುಸು ಅಗಲದ ಪಿವಿಸಿ ಪೈಪಿನ ತುಂಡು. ಪೈಪನ್ನು ಗೋಡೆಯ ಬುಡದಲ್ಲಿ ಇಟ್ಟು, ಉಳಿದ ಕಡೆಯೆಲ್ಲ ಬೆಳಕಿರುವ ಹಾಗೆ ನೋಡಿಕೊಂಡು, ಕೊಕ್ಕೆಯಲ್ಲಿ ಮೆಲ್ಲನೆ ದಿಕ್ಕು ತೋರಿಸಿದರೆ ಕತ್ತಲ ಬಿಲವೆಂದು ಹಾವೇ ಒಳಗೆ ಹೋಗುತ್ತದೆ. ಬಾಯಿ ಬಿಗಿದು ಕಟ್ಟಿದರೆ ಮುಗಿಯಿತು. ಕತ್ತು ಮುಟ್ಟುವ ಕೆಲಸವೇ ಇಲ್ಲ. ಬಿಡುವುದು ಅದೇ ದಿನ, ಅದೇ ಗುಡ್ಡೆಯಲ್ಲಿ, ಮನೆಯಿಂದ ಕೆಲವು ನೂರು ಮೀಟರ್ ಆಚೆ. ಹೆಚ್ಚೆಂದರೆ ಒಂದು ಕಿಲೋಮೀಟರ್. ಇದಕ್ಕೆ ಮನೆಯವರನ್ನು ಒಪ್ಪಿಸುವುದೇ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ಆ ಕೆಲಸಕ್ಕೆ ಸಮಯ ಕೊಡುವವರೇ ನಿಜವಾದ ಉರಗ ರಕ್ಷಕರು.

ಬಲೆಯ ವಿಚಾರದಲ್ಲಿ ಒಂದು ಮಾತು. ಕೋಳಿಗೂಡಿಗೆ, ತರಕಾರಿ ಬೇಲಿಗೆ, ಮೀನಿನ ಹೊಂಡಕ್ಕೆ ಹಾಕುವ ಸಣ್ಣ ಕಣ್ಣಿನ ನೈಲಾನ್ ಬಲೆ ಕರಾವಳಿಯಲ್ಲಿ ಹಾವುಗಳಿಗೆ ದೊಡ್ಡ ಕಂಟಕ. ತಲೆ ತೂರುತ್ತದೆ, ಹೊಟ್ಟೆ ತೂರುವುದಿಲ್ಲ, ಹಿಂದೆ ಬರಲು ಹೊರಟರೆ ಎಳೆ ಹುರುಪೆಯ ಅಡಿಗೆ ಸಿಕ್ಕುತ್ತದೆ. ಬಿಡಿಸುವಾಗ ಒಂದು ಎಳೆ ಉಳಿದರೂ ಅದು ಮಾಂಸದೊಳಗೆ ಇಳಿಯುತ್ತ ಹೋಗುತ್ತದೆ. ಬೇಲಿಗೆ ಕಬ್ಬಿಣದ ಜಾಲರಿ ಹಾಕಿ, ಅಥವಾ ಬಲೆಯ ಕೆಳ ಅಂಚನ್ನು ನೆಲದಿಂದ ಒಂದು ಅಡಿ ಎತ್ತಿ ಕಟ್ಟಿ.

ಗೂಡು ಕಂಡರೆ

ಹಾವುಗಳಲ್ಲಿ ಎಲೆ ರಾಶಿ ಮಾಡಿ ಗೂಡು ಕಟ್ಟುವುದು ಕಾಳಿಂಗ ಒಂದೇ. ಕೈಕಾಲಿಲ್ಲದ ಪ್ರಾಣಿ ಅದನ್ನು ಕಟ್ಟುವ ಬಗೆ ಹೀಗೆ. ಮೈಯನ್ನು ಕುಣಿಕೆಯಂತೆ ಬಾಗಿಸಿ, ಬಿದಿರೆಲೆ, ಒಣ ಸೊಪ್ಪನ್ನು ಆ ಕುಣಿಕೆಯೊಳಗೆ ಸೇರಿಸಿ ತನ್ನತ್ತ ಎಳೆಯುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಎಳೆಯುತ್ತದೆ. ನಡುವೆ ತಾನೇ ಸುತ್ತಿ ಸುತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಕೊನೆಗೆ ಸುಮಾರು ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರದ ದಿಬ್ಬವಾಗುತ್ತದೆ. ಜಾಗ ಆರಿಸುವುದೂ ಲೆಕ್ಕಾಚಾರದಿಂದಲೇ: ತುಸು ಇಳಿಜಾರು, ನೀರು ನಿಲ್ಲದ ನೆಲ, ಮೇಲೆ ನೆರಳು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಮೊಟ್ಟೆ ಇಡುವ ಕಾಲ. 20ರಿಂದ 40 ಮೊಟ್ಟೆ. ಮೇಲಿಂದ ಆಟಿಯ ಮಳೆ ಎಷ್ಟೇ ಹೊಡೆದರೂ ಒತ್ತಾಗಿ ಜೋಡಿದ ಎಲೆಯ ಪದರ ಮಾಡಿನ ಹುಲ್ಲಿನಂತೆ ನೀರನ್ನು ಬದಿಗೆ ಇಳಿಸುತ್ತದೆ, ಒಳಗೆ ಬೆಚ್ಚಗಿರುತ್ತದೆ. ತಾಯಿ ಅದರ ಮೇಲೋ ಪಕ್ಕದಲ್ಲೋ ವಾರಗಟ್ಟಲೆ ಉಪವಾಸವಿದ್ದು ಕಾಯುತ್ತದೆ. ಮರಿ ಹೊರಬರುವ ಮುನ್ನ ಹೊರಟುಹೋಗುತ್ತದೆ.

ಮರಿಯಾಗಲು 80ರಿಂದ 105 ದಿನ ಬೇಕು. ಗೂಡು ತೋಟದ ಅಂಚಿನಲ್ಲಿದ್ದರೆ ಮನೆಯವರಿಗೆ ಅದು ದೀರ್ಘ ಅವಧಿ ನಿಜ. ಆದರೂ ಮೊಟ್ಟೆ ಸಾಗಿಸುವುದು ಪರಿಹಾರವಲ್ಲ. ಹಾವಿನ ಮೊಟ್ಟೆಯೊಳಗಿನ ಭ್ರೂಣ ಬೇಗನೆ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಕೋಳಿಮೊಟ್ಟೆಯಂತೆ ಹೊರಳಿಸಿದರೆ ಒಳಗೇ ಸಾಯುತ್ತದೆ. ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಬೇರೆಡೆ ಇಟ್ಟ ಮೊಟ್ಟೆಗಳು ಮರಿಯಾಗದಿರುವುದಕ್ಕೆ ಇದೇ ಕಾರಣ. ಗೂಡಿರುವ ಜಾಗಕ್ಕೆ ಹಗ್ಗ ಕಟ್ಟಿ, ಆ ಮೂಲೆಯ ಸೊಪ್ಪು ಕಡಿಯುವುದನ್ನು ಒಂದು ಹಂಗಾಮು ಬಿಟ್ಟು, ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು. ಅನುಭವಿಗಳು ದಿನ ತುಂಬುತ್ತ ಬಂದಾಗ ಗೂಡಿನ ಸುತ್ತ ಸಣ್ಣ ಕಣ್ಣಿನ ಪರದೆ ಕಟ್ಟುತ್ತಾರೆ, ಹೊರಬಂದ ಮರಿಗಳನ್ನು ಎಣಿಸಿ ಹತ್ತಿರದ ಕಾಡಿನಲ್ಲೇ ಚದುರಿಸಿ ಬಿಡುತ್ತಾರೆ. ಮರಿ ಕಡುಕಪ್ಪು, ಮೈತುಂಬ ಬಿಳಿ-ಹಳದಿ ಪಟ್ಟೆ. ಜುಲೈ-ಆಗಸ್ಟ್‌ನಲ್ಲಿ ಕಟ್ಟು ಹಾವೆಂದು ತಿಳಿದು ಇವನ್ನು ಹೊಡೆದು ಸಾಯಿಸುವುದುಂಟು. ಹುಟ್ಟಿದಾಗಲೇ ವಿಷ ಇರುತ್ತದೆ, ಹಾಗಾಗಿ ಮುಟ್ಟಲೂ ಬಾರದು.

ತರಗೆಲೆಯಲ್ಲಿರುವ ಹಾವು

ಈಗ ಆ ಸಣ್ಣ ಹಾವು. ಇಂಗ್ಲಿಷಿನಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್, ಕನ್ನಡದಲ್ಲಿ ಗೂನುಮೂಗಿನ ಗುಳಿಮಂಡಲ ಎನ್ನಬಹುದು. ತ್ರಿಕೋನ ತಲೆ, ಮೇಲಕ್ಕೆ ಚೂಪಾಗಿ ಎದ್ದ ಮೂಗಿನ ತುದಿ, ಕಂದು ಮೈ, ಬೆನ್ನಿನ ಎರಡೂ ಬದಿ ಕಪ್ಪು ಮಚ್ಚೆಗಳ ಸಾಲು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಶಾಖ ಗ್ರಹಿಸುವ ಗುಳಿ. ಸುರುಳಿ ಸುತ್ತಿ, ತಲೆಯನ್ನು ಸುಮಾರು 45 ಡಿಗ್ರಿ ಎತ್ತಿ ಹಿಡಿದು, ತರಗೆಲೆಯ ಬಣ್ಣಕ್ಕೇ ಬೆರೆತು ಕೂತಿರುತ್ತದೆ. ಹೆಜ್ಜೆ ಸಪ್ಪಳಕ್ಕೆ ಕೇರೆಯಂತೆ ಓಡುವುದಿಲ್ಲ. ತನ್ನನ್ನು ಯಾರೂ ಕಾಣುತ್ತಿಲ್ಲವೆಂಬ ನಂಬಿಕೆಯಲ್ಲಿ ಅಲ್ಲೇ ಇರುತ್ತದೆ, ತುಳಿದರೆ ಕಚ್ಚುತ್ತದೆ.

ಅಡಿಕೆ ಬುಡಕ್ಕೆ ನಾವು ಹಾಕುವ ಸೊಪ್ಪು, ಬಿದ್ದ ಹಾಳೆ, ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಬೆಳೆಸುವ ಬಳ್ಳಿ ಇವೆಲ್ಲ ಅದಕ್ಕೆ ಒಳ್ಳೆಯ ಮನೆ. ರಾತ್ರಿ ಚುರುಕಾಗುವ ಹಾವು ಇದು. ರಬ್ಬರ್ ಟ್ಯಾಪಿಂಗ್‌ಗೆ ಜನ ಬೆಳಗಿನ ಜಾವದ ಕತ್ತಲಲ್ಲಿ ಹೊರಡುತ್ತಾರೆ, ತಲೆಯ ಲೈಟಿನ ಬೆಳಕು ಮರದ ಸೀಳಿನ ಮೇಲಿರುತ್ತದೆ, ಕಾಲಿನ ಬುಡದಲ್ಲಿ ಕತ್ತಲು. ಉದುರಡಿಕೆ ಹೆಕ್ಕುವವರು ಕೈಯನ್ನು ನೇರ ಎಲೆಯೊಳಗೆ ತೂರಿಸುತ್ತಾರೆ. ಕೊಳೆರೋಗಕ್ಕೆ ಮದ್ದು ಬಿಡುವಾಗ ಕೆಳಗೆ ಪೈಪು ಎಳೆಯುವವರ ಕಣ್ಣು ಮರದ ಮೇಲಿರುತ್ತದೆ. ಕಡಿತ ಕೈಬೆರಳಿಗೂ ಪಾದಕ್ಕೂ ಆಗುವುದು ಇದರಿಂದಲೇ. ಮೊಣಕಾಲ ಕೆಳಗಿನವರೆಗೆ ಬರುವ ರಬ್ಬರ್ ಗಂಬೂಟು ಮತ್ತು ದಪ್ಪ ಕೈಗವಸು ಈ ಪುಟ್ಟ ಹಲ್ಲುಗಳಿಂದ ಬಹುಮಟ್ಟಿಗೆ ಕಾಯುತ್ತವೆ. ಹೆಕ್ಕುವ ಮುನ್ನ ಒಂದು ಕೋಲಿನಿಂದ ಎಲೆ ಕೆದಕಬೇಕು. ಟ್ಯಾಪಿಂಗ್ ಸಾಲಿನಲ್ಲಿ ಮರದ ಬುಡದ ಸುತ್ತ ಮೂರಡಿ, ಮರದಿಂದ ಮರಕ್ಕೆ ಹೋಗುವ ದಾರಿ, ಇಷ್ಟನ್ನು ಎಲೆಯಿಲ್ಲದೆ ಗುಡಿಸಿಟ್ಟರೆ ಸಾಕು, ಇಡೀ ತೋಟ ಬೋಳು ಮಾಡಬೇಕಿಲ್ಲ. ಕೆಲಸದವರಿಗೆ ಗಂಬೂಟು ತೆಗೆದುಕೊಡುವುದು ತೋಟದ ಯಜಮಾನರ ಹೊಣೆ.

ಈಗ ಮದ್ದಿನ ವಿಚಾರ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ. ನಾಲ್ಕನೆಯದು ಒಣ ಬಯಲಿನ ಹಾವು, ಘಟ್ಟದ ದಟ್ಟ ಮಳೆಕಾಡಿನದ್ದಲ್ಲ. ಇಲ್ಲಿ ಹೇರಳವಾಗಿರುವ ಗೂನುಮೂಗಿನ ಗುಳಿಮಂಡಲ ಆ ಪಟ್ಟಿಯಲ್ಲೇ ಇಲ್ಲ. ಅದು ಕಚ್ಚಿದರೆ ಹೆಚ್ಚಿನವರಿಗೆ ನೋವು, ಊತ, ಬೊಕ್ಕೆಯಲ್ಲಿ ಮುಗಿಯುತ್ತದೆ. ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಮೂತ್ರಪಿಂಡ ಕೆಡುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ, ಸಾವೂ ಉಂಟು. ಕೇರಳದ ವೈದ್ಯರು ಇದನ್ನು 2007ರಲ್ಲೇ ದಾಖಲೆ ಸಮೇತ ಪ್ರಕಟಿಸಿದ್ದಾರೆ.

ಎಡವಟ್ಟಾಗುವುದು ಗುರುತಿಸುವಲ್ಲಿ. ಸತ್ತ ಹಾವನ್ನು ಹಿಡಿದು ತಂದರೂ ಅದನ್ನು ಗರಗಸಮಂಡಲ ಎಂದೋ ಕೊಳಕುಮಂಡಲದ ಮರಿ ಎಂದೋ ತಿಳಿಯುವುದುಂಟು. ತಲೆಯ ಮೇಲ್ಭಾಗ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಕೊಳಕುಮಂಡಲಕ್ಕೆ ತಲೆಯ ತುಂಬ ಸಣ್ಣ ಹುರುಪೆ, ಗೂನುಮೂಗಿನದ್ದಕ್ಕೆ ದೊಡ್ಡ ಬಿಲ್ಲೆಗಳು. ವೈದ್ಯರು ಮಾಡುವ ಪರೀಕ್ಷೆ ಸರಳ. 2 ಮಿಲಿಲೀಟರ್ ರಕ್ತವನ್ನು ಒಣಗಿದ, ಹೊಸ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ಓರೆ ಮಾಡಿ ನೋಡುವುದು. ಹೆಪ್ಪಾಗದೆ ಹರಿದರೆ ವಿಷವೇರಿದೆ ಎಂದರ್ಥ. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ ಆರೋಗ್ಯವಂತರ ರಕ್ತವೂ ಹೆಪ್ಪಾಗದೆ ಫಲಿತಾಂಶ ಸುಳ್ಳಾಗುತ್ತದೆ. ಕೊಳಕುಮಂಡಲ ಕಚ್ಚಿದ್ದರೆ 8–10 ವೈಲ್ (ಸಣ್ಣ ಸೀಸೆ) ಪ್ರತಿವಿಷ ಕೊಟ್ಟು, ಆರು ಗಂಟೆಯ ನಂತರ ಮತ್ತೆ ಪರೀಕ್ಷಿಸಿದಾಗ ಸುಧಾರಣೆ ಕಾಣಬೇಕು. ಗೂನುಮೂಗಿನದ್ದಾದರೆ ವೈಲ್ ಮೇಲೆ ವೈಲ್ ಹೋದರೂ ರಕ್ತ ನೀರಾಗಿಯೇ ಇರುತ್ತದೆ. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುವಂಥದ್ದು, ಅಲರ್ಜಿಯಾಗಿ ಜೀವಕ್ಕೇ ಅಪಾಯ ಬರಬಹುದು. ಕೆಲಸಕ್ಕೆ ಬಾರದ ಮದ್ದಿನ ಅಪಾಯವನ್ನು ರೋಗಿ ಸುಮ್ಮನೆ ಹೊರಬೇಕಾಗುತ್ತದೆ. ಈ ಕಡಿತಕ್ಕೆ ಬೇಕಾದದ್ದು ಮೂತ್ರದ ಪ್ರಮಾಣ, ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೇಲೆ ಕೆಲವು ದಿನಗಳ ನಿಗಾ, ಹೊತ್ತಿಗೆ ಸರಿಯಾಗಿ ಡಯಾಲಿಸಿಸ್. "ಊತ ಇಳಿಯಿತು" ಎಂದು ಎರಡನೇ ದಿನವೇ ಮನೆಗೆ ಹೊರಡಬಾರದು.

ಯಾವ ಹಾವೇ ಕಚ್ಚಿರಲಿ, ಮನೆಯಲ್ಲಿ ಮಾಡಬೇಕಾದದ್ದು ಒಂದೇ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಸೊಪ್ಪು ಅರೆದು ಹಚ್ಚಬೇಡಿ. ಉಂಗುರ, ಬಳೆ, ಕಾಲುಂಗುರ, ವಾಚು ತೆಗೆಯಿರಿ, ಊದಿದ ಮೇಲೆ ತೆಗೆಯಲಾಗದು. ಕಚ್ಚಿದ ಕೈಕಾಲು ಅಲುಗದಂತೆ ಸೋಗೆಯ ದಿಂಡನ್ನೋ ಹಲಗೆಯನ್ನೋ ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. ಊತ ಎಲ್ಲಿವರೆಗೆ ಬಂದಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ. ಹಾವಿನ ಫೋಟೋ ದೂರದಿಂದ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಹುಡುಕುತ್ತ ಕೂರಬೇಡಿ. ವಿಷ ಇಳಿಸುವವರ ಬಳಿಗೆ ಹೋಗಿ ಗುಣವಾದವರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಅಥವಾ ಕಚ್ಚಿಯೂ ಮೈಯೊಳಗೆ ವಿಷ ಬಿಡದ ವಿಷದ ಹಾವು. ವಿಷ ನಿಜವಾಗಿ ಏರಿದವರಿಗೆ ಅಲ್ಲಿ ಕಳೆಯುವ ಒಂದು ಗಂಟೆ ಬಹಳ ದುಬಾರಿಯಾಗುತ್ತದೆ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜಿಸಿದ್ದಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಕೇಂದ್ರದ ಕ್ರಿಯಾಯೋಜನೆಯೂ ಅದೇ ವರ್ಷದ ಮಾರ್ಚ್‌ನಲ್ಲಿ ಬಂತು. ಆದರೆ ಘಟ್ಟದ ಬುಡದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೋಗುವ ವರದಿಯಲ್ಲಿ 'ಹಾವು ಕಡಿತ' ಎಂದಷ್ಟೇ ಇದ್ದರೆ ಗೂನುಮೂಗಿನ ಗುಳಿಮಂಡಲ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಲೆಕ್ಕದಲ್ಲಿ ಇಲ್ಲದ ಹಾವಿನ ವಿಷವನ್ನು ಸೇರಿಸಿ ಪ್ರತಿವಿಷ ತಯಾರಿಸಲು ಯಾರೂ ಮುಂದೆ ಬರುವುದಿಲ್ಲ. ಕಚ್ಚಿದ ಹಾವಿನ ಗುರುತು, ಫೋಟೋ, ತೋಟದ ಬಗೆ, ಕಚ್ಚಿದ ಹೊತ್ತು, ಪ್ರತಿವಿಷಕ್ಕೆ ರಕ್ತ ಸ್ಪಂದಿಸಿತೋ ಇಲ್ಲವೋ, ಈ ಐದನ್ನು ಕೇಸ್ ಶೀಟಿನಲ್ಲಿ ಬರೆಯಲು ಹತ್ತು ನಿಮಿಷ ಸಾಕು. ಉಡುಪಿ, ದಕ್ಷಿಣ ಕನ್ನಡದ ತಾಲೂಕು ಆಸ್ಪತ್ರೆಗಳು ಈ ಮಳೆಗಾಲದಿಂದಲೇ ಅದನ್ನು ಶುರುಮಾಡಬಹುದು.